ಯಾರೂ ಒಯ್ಯದ ಬಟ್ಟೆಗಳ ಬೀರು

ದರ್ಜಿ ಚಿಕ್ಕಮ್ಮ ಕತ್ತರಿಗೆ ಹೆದರಿದವಳಲ್ಲ, ಸೂಜಿಗೆ ಹೆದರಿದವಳಲ್ಲ. ಹೆದರಿದ್ದು ಅಕ್ಕನ ಮಗಳು ಪುಟ್ಟಿಯ ಫೋನಿಗೆ. ಕಾಜಾ ಮೆಷಿನ್ನಿಗೆಂದು ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಅರ್ಧ, ಮೂರೇ ತಿಂಗಳಲ್ಲಿ ಅದರ ಬಾಯಿಗೆ ಬಿದ್ದಿತ್ತು. ಗುಂಡಿ ತೂರುವ ಕಾಜಾಗಳನ್ನು ಅವಳು ಇಂದಿಗೂ ಕೈಯಲ್ಲೇ ಹೊಲಿಯುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ಬೆರಳು ಮಡಚಲು ಬರುತ್ತಿರಲಿಲ್ಲ.

ಪುಟ್ಟಿ ಮಾತ್ರ ದುಂಡನೆಯ ದೀಪ ಹಚ್ಚಿ, ಹಾಡು ಹಾಕಿ, ಅಂಗಿಗಳನ್ನು ಗಿರಗಿರ ತಿರುಗಿಸಿ ವಿಡಿಯೊ ಮಾಡುತ್ತಿದ್ದಳು. ದುಡ್ಡು ಕೊಟ್ಟು ಜಾಹೀರಾತನ್ನೂ ಹಾಕಿಸಿದ್ದಳು.

“ಎಂಟು ಸಾವಿರ ಲೈಕು, ನೋಡು ಚಿಕ್ಕಮ್ಮಾ!”

“ಎಂಟು ಸಾವಿರ ಜನ ಮೆಚ್ಚಿದ್ರಾ? ಅದ್ರಲ್ಲಿ ಒಬ್ಬನದ್ದಾದ್ರೂ ಪ್ಯಾಂಟು ಹರಿದಿಲ್ವಾ?”

“ಅವ್ರೆಲ್ಲ ದೂರದೋರು...”

“ದೂರದೋರ ಮೆಚ್ಚುಗೆ ಕಟ್ಕೊಂಡು ಏನ್ ಮಾಡ್ಲಿ? ನಂಗೆ ಬೇಕಿರೋದು ನಮ್ಮ ಬೀದಿಯೋರ ಸೊಂಟ! ಈ ವಾರ ನೋಡ್ತೀನಿ. ಯಾರೂ ಬರ್ಲಿಲ್ವೋ, ನಿನ್ನ ಫೋನಿನಾಟ ಮುಗೀತು. ಉಳಿದಿದ್ದನ್ನ ಮೆಷಿನ್ನಿಗೆ ಮುಂಗಡ ಕೊಡ್ತೀನಿ.”

ಮೆಷಿನ್ನು ಬಂದರೆ ಇಡಲು ಜಾಗ ಬೇಕಲ್ಲ! ಮೂಲೆಯ ಬೀರುವನ್ನು ಖಾಲಿ ಮಾಡಲು ಚಿಕ್ಕಮ್ಮ ಬಾಗಿಲು ತೆರೆದಳು. ಒಳಗಿದ್ದದ್ದೆಲ್ಲ ಹೊಲಿಯಲು ಕೊಟ್ಟು ಮರೆತವರ ಬಟ್ಟೆ. ಒಂದೊಂದಕ್ಕೂ ಚೀಟಿ ಚುಚ್ಚಿತ್ತು. ಅವಳು ಒಂದು ನೀಲಿ ಕೋಟನ್ನು ಎತ್ತಿ ಹಿಡಿದಳು.

“ಬಸ್ ಡ್ರೈವರಣ್ಣಂದು. ನಾಳೆ ಬರ್ತೀನಕ್ಕಾ ಅಂತ ಹೋದೋನು, ನಾಲ್ಕು ವರ್ಷ ಆಯ್ತು. ಎಂಥಾ ನಾಳೆಯಪ್ಪಾ ನಿಂದು? ಬಸ್ಸನ್ನೂ ಹಿಂಗೇ ಓಡಿಸ್ತೀಯಾ?”

ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇದನ್ನೇ ಫೋನಿಗೆ ಹೇಳು ಚಿಕ್ಕಮ್ಮಾ!”

“ಹೇಳ್ತೀನಿ, ನಂಗೇನು ಭಯ? ನಾಚಿಕೆ ಆಗ್ಬೇಕಾದ್ದು ಅವನಿಗೆ.”

ದೀಪವಿಲ್ಲ, ಹಾಡಿಲ್ಲ, ಬರೀ ಬೈಗುಳ. ಆ ವಿಡಿಯೊ ನೋಡಿದವರು ಮುನ್ನೂರು ಜನವಷ್ಟೇ. ಆದರೆ ಮುನ್ನೂರೂ ಸುತ್ತಮುತ್ತಲ ಬೀದಿಯವರೇ.

ಮರುದಿನ ಬೆಳಗ್ಗೆ ಡ್ರೈವರಣ್ಣ ತಲೆ ಕೆರೆಯುತ್ತ ಬಂದ. “ಏನಕ್ಕಾ, ಮಾನ ಕಳೆದ್ರಲ್ಲ! ಬಸ್ ಹತ್ತಿದೋರೆಲ್ಲ ಕೋಟು ಎಲ್ಲಿ, ಕೋಟು ಎಲ್ಲಿ ಅಂತಾರೆ.”

ಕೋಟು ತೊಟ್ಟ. ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ, ನಡುವೆ ಹೊಟ್ಟೆ.

“ಕೋಟು ಕುಗ್ಗಿದೆಯಕ್ಕಾ.”

“ಕೋಟು ಬೀರುವಲ್ಲಿ ಉಪವಾಸ ಇತ್ತು. ಉಂಡಿದ್ದು ನೀನು!”

ಚಿಕ್ಕಮ್ಮ ಕೋಟಿನ ಒಳಮೈ ತಿರುಗಿಸಿದಳು. ಎರಡೂ ಪಕ್ಕದ ಹೊಲಿಗೆಯೊಳಗೆ ಎರಡೆರಡು ಬೆರಳಗಲ ಬಟ್ಟೆ ಮಡಚಿಕೊಂಡಿತ್ತು. “ಮನುಷ್ಯ ಅಂದ್ಮೇಲೆ ಊದ್ತಾನೆ ಅಂತ ಬಿಟ್ಟಿದ್ದೆ. ಸಂಜೆ ಬಾ. ನಾಳೆ ಅನ್ಬೇಡ!”

ಸಂಜೆ ಬಂದವನ ಕಂಕುಳಲ್ಲಿ ಎರಡು ಹೊಸ ಅಂಗಿಗಳ ಬಟ್ಟೆಯಿತ್ತು.

ಆಮೇಲೆ ದಿನಕ್ಕೊಂದು ಬೈಗುಳ. ಸಂಗೀತದ ಮೇಷ್ಟ್ರು ಪ್ಯಾಂಟಿಗೆ ಓಡಿ ಬಂದರು. ಅವಳಿ ಹುಡುಗಿಯರ ಫ್ರಾಕು ಕೇಳಿಕೊಂಡು ಅವರಮ್ಮ ಬಂದಳು. ಹುಡುಗಿಯರೀಗ ಚಿಕ್ಕಮ್ಮನಿಗಿಂತ ಎತ್ತರ! ಅಮ್ಮ ನಕ್ಕು ನಕ್ಕು, ಇಬ್ಬರಿಗೂ ಹೊಸದಕ್ಕೆ ಅಳತೆ ಕೊಡಿಸಿದಳು. ಎರಡು ತಿಂಗಳಲ್ಲಿ ಬೀರು ಖಾಲಿಯಾಗಿ, ಅದೇ ಮೂಲೆಯಲ್ಲಿ ಕಾಜಾ ಮೆಷಿನ್ನು ಟಕಟಕ ಅನ್ನತೊಡಗಿತು.

“ಈಗ್ಲಾದ್ರೂ ಒಪ್ಕೊ ಚಿಕ್ಕಮ್ಮಾ, ಫೋನಿಗೆ ಹಾಕಿದ್ದು ದಂಡ ಅಲ್ಲ ಅಂತ.”

“ಜಾಹೀರಾತಿಗೆ ಸುರಿದಿದ್ದು ದಂಡವೇ. ಫೋನು ಇರ್ಲಿ ಬಿಡು. ನನ್ನ ಬಾಯಿ ಮುಂದಿನ ಬೀದಿಗೂ ಕೇಳ್ಸುತ್ತೆ.”

ಹೊಸ ತೊಂದರೆಯೆಂದರೆ, ಬೈಗುಳಕ್ಕೆ ಹೆದರಿ ಜನ ಈಗ ಹೊಲಿದ ದಿನವೇ ಬಟ್ಟೆ ಒಯ್ಯುತ್ತಿದ್ದರು. ಬೈಯಲು ಯಾರೂ ಸಿಗದೆ ಪುಟ್ಟಿ ಕೈಕೈ ಹಿಸುಕಿಕೊಂಡಳು. ಉಳಿದದ್ದು ಅಂಚೆಯಣ್ಣನ ಒಂದೇ ಒಂದು ಅಂಗಿ. ದಿನಾ ಕಾಗದ ಕೊಡಲು ಅದೇ ಬಾಗಿಲಿಗೆ ಬರುತ್ತಾನೆ, ಅಂಗಿಯನ್ನು ಮಾತ್ರ ಮುಟ್ಟುವುದಿಲ್ಲ.

“ರೆಡಿ ಆಗಿ ಎಂಟು ದಿನ ಆಯ್ತಲ್ಲೋ, ಯಾಕೆ ಒಯ್ದಿಲ್ಲ?”

ಅವನು ಮೆಲ್ಲಗೆ ಹೇಳಿದ: “ನಮ್ಮನೆಯೋಳು ದಿನಾ ಕೇಳ್ತಾಳಕ್ಕಾ, ಊರೋರನ್ನೆಲ್ಲ ಬೈತಾರೆ, ನಿಮ್ಮನ್ನ ಯಾವಾಗ ಅಂತ. ಒಂದ್ಸಲ ಚೆನ್ನಾಗಿ ಬೈದುಬಿಡಿ. ನಾಳೆ ಒಯ್ತೀನಿ.”

“ನಾಳೆನಾ?” ಚಿಕ್ಕಮ್ಮ ಸೆರಗು ಸಿಕ್ಕಿಸಿ ಎದ್ದಳು. “ಪುಟ್ಟೀ, ತಾರೇ ಫೋನು!”