ಕನ್ನಡದಲ್ಲಿ ಬಂದ ಒಂದು ಅಭಿಪ್ರಾಯ

ಮುನ್ನೂರ ಹನ್ನೆರಡು ಅಭಿಪ್ರಾಯಗಳು ಬಂದಿದ್ದವು. ಅವುಗಳಲ್ಲಿ ಒಂದು ಮಾತ್ರ ಕನ್ನಡದಲ್ಲಿತ್ತು. ನಮ್ಮ ಜಾಯಿಂಟ್ ಸೆಕ್ರೆಟರಿ ಸಾಹೇಬರು ಅದರ ಪ್ರಿಂಟನ್ನು ನನ್ನ ಮೇಜಿನ ಮೇಲಿಟ್ಟು, "ಇಂದಿರಾಜೀ, ಯೇ ತೋ ಆಪ್ ಕಾ ಇಲಾಕಾ ಹೈ", ಇದು ನಿಮ್ಮ ಸೀಮೆಯದ್ದು, ಎಂದು ನಕ್ಕು ಹೋದರು. ಇಪ್ಪತ್ತಾರು ವರ್ಷದಿಂದ ದೆಹಲಿಯ ಈ ಮಂತ್ರಾಲಯದಲ್ಲಿದ್ದೇನೆ. ತಮಿಳು ಬಂದರೂ ನನ್ನ ಮೇಜಿಗೆ, ಮಲಯಾಳಂ ಬಂದರೂ ನನ್ನ ಮೇಜಿಗೆ. ಈ ಸಲವಾದರೂ ಕಾಗದ ಸರಿಯಾದ ಮೇಜಿಗೆ ಬಂದಿತ್ತು.

ವಿಷಯ ಇಷ್ಟು. ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ಗಳು ಬಂದಿವೆಯಲ್ಲ, ಹಾಕಿಕೊಂಡರೆ ಇಲ್ಲದ ಕೋಣೆ ಕಾಣುತ್ತದೆ, ಇರುವ ಕೋಣೆಯ ಮೇಲೆ ಬಾಣದ ಗುರುತುಗಳು ತೇಲುತ್ತವೆ, ಅವಕ್ಕೊಂದು ನೀತಿ ಮಾಡಬೇಕೆಂದು ಸರ್ಕಾರ ಹೊರಟಿತ್ತು. ಹಾಕಿಕೊಂಡವರ ಕಣ್ಣು ಎತ್ತ ಹೋಯಿತು, ಎಷ್ಟು ಹೊತ್ತು ನಿಂತಿತು ಎನ್ನುವುದನ್ನೆಲ್ಲ ಆ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಹಾಗೆ ಬರೆದಿಟ್ಟದ್ದು ಯಾರ ಸೊತ್ತು ಎಂಬುದು ಪ್ರಶ್ನೆ. ಕರಡು ಪ್ರಕಟಿಸಿ, ಯಾವ ಭಾಷೆಯಲ್ಲಾದರೂ ಅಭಿಪ್ರಾಯ ಬರೆಯಿರಿ ಎಂದು ಜನರನ್ನು ಕೇಳಿದೆವು. ಕಂಪನಿಗಳ ವಕೀಲರು ಬರೆದರು. ಹೌಜ್ ಖಾಸ್‌ನ ಪ್ರೊಫೆಸರೊಬ್ಬರು ಅಡಿಟಿಪ್ಪಣಿಗಳ ಸಮೇತ ನಲವತ್ತು ಪುಟ ಬರೆದರು. ಅವರಲ್ಲಿ ಒಬ್ಬರೂ ಆ ವಸ್ತುವನ್ನು ದಿನಕ್ಕೆ ಎಂಟು ಗಂಟೆ ತಲೆಗೆ ಕಟ್ಟಿಕೊಂಡವರಲ್ಲ. ಇವನ್ನೆಲ್ಲ ಓದಿ ಒಪ್ಪಬಹುದು, ಒಪ್ಪಲಾಗದು, ಗಮನಿಸಲಾಗಿದೆ ಎಂಬ ಮೂರು ಕಾಲಂಗಳಿಗೆ ಹಾಕುವುದು ಸೆಕ್ಷನ್ ಆಫೀಸರ್ ಆದ ನನ್ನ ಕೆಲಸ. ಮುಕ್ಕಾಲು ಪಾಲು ಮೂರನೆಯ ಕಾಲಮ್ಮಿಗೇ ಹೋಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕನ್ನಡದ ಕಾಗದ ಎರಡೇ ಪುಟ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಫೋನಿನಲ್ಲಿ ಫೋಟೊ ತೆಗೆದು ಕಳಿಸಿದ್ದರು. ಬರೆದವರು ವಿಜಯಮ್ಮ. ಓಖ್ಲಾ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಟೈಲರ್, ಘಟಕದ ಹೆಸರನ್ನೂ ಬರೆದಿದ್ದರು. ಮೊದಲು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದವರು, ಅರೆಸೇನಾ ಪಡೆಯಲ್ಲಿ ಅಡುಗೆ ಮಾಡುವ ಗಂಡನಿಗೆ ದೆಹಲಿಗೆ ವರ್ಗವಾದಾಗ ಇಲ್ಲಿಗೆ ಬಂದಿದ್ದರು.

"ಹೊಸಬರಿಗೆ ಕಲಿಸೋಕೆ ಅಂತ ಆ ಕನ್ನಡಕ ತಂದರು. ಇಪ್ಪತ್ತೆರಡು ವರ್ಷ ಕಾಲರ್ ಹೊಲಿದ ನನಗೂ ಕಟ್ಟಿದರು. ನಾನು ಎಷ್ಟು ಸಲ ಗಡಿಯಾರ ನೋಡಿದೆ, ಎಷ್ಟು ಸಲ ಕಣ್ಣು ಮುಚ್ಚಿದೆ, ಪಕ್ಕದವಳ ಮುಖ ಎಷ್ಟು ಹೊತ್ತು ನೋಡಿದೆ ಅಂತ ಸಾಯಂಕಾಲ ಸೂಪರ್‌ವೈಸರ್ ಓದಿ ಹೇಳ್ತಾರೆ. ಪಕ್ಕದವಳಿಗೆ ಅವತ್ತು ಮೈ ಹುಷಾರಿರಲಿಲ್ಲ, ಅದಕ್ಕೆ ನೋಡಿದೆ. ನಾನು ಕೈ ಮಾರಿಕೊಂಡಿದೀನಿ, ಕಣ್ಣು ಮಾರಿಕೊಂಡಿಲ್ಲ. ಕನ್ನಡದಲ್ಲಿ ಬರೀತಿದೀನಿ, ಇಲ್ಲಿ ಯಾರಿಗೂ ಓದೋಕೆ ಬರಲ್ಲ ಅನ್ನೋ ಧೈರ್ಯದ ಮೇಲೆ. ದಯವಿಟ್ಟು ನನ್ನ ಹೆಸರು ಹೊರಗೆ ಬಿಡಬೇಡಿ."

ಓದಿ ಮುಗಿಸಿ ಇನ್ನೊಮ್ಮೆ ಓದಿದೆ. ಎಷ್ಟೋ ವರ್ಷದ ಮೇಲೆ ಕೆಲಸದಲ್ಲಿ ಆಸಕ್ತಿ ಹುಟ್ಟಿತ್ತು. ಆ ಕೈ ಮತ್ತು ಕಣ್ಣಿನ ವಾಕ್ಯವನ್ನು ಮನೆಯಿರುವ ಮಯೂರ್ ವಿಹಾರ್‌ವರೆಗೂ ಮೆಟ್ರೋದಲ್ಲಿ ನೇತಾಡುತ್ತಾ ತಿರುಗಿಸಿ ಮುರುಗಿಸಿ ಇಂಗ್ಲಿಷಿಗೆ ತಂದೆ. ಮರುದಿನ ಇಡೀ ಕಾಗದವನ್ನು ಒಂದಕ್ಷರ ಬಿಡದೆ ಅನುವಾದಿಸಿ, ಒಪ್ಪಬಹುದು ಎಂಬ ಕಾಲಮ್ಮಿನಲ್ಲಿ ಹಾಕಿದೆ. ಆ ಕಾಲಮ್ಮಿನಲ್ಲಿ ಅದು ಏಳನೆಯದು.

ಆಮೇಲೆ ಮಾಡಿದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ. ನಮ್ಮಲ್ಲೊಂದು ಪದ್ಧತಿಯಿದೆ. ಕಾಗದದಲ್ಲಿ ಯಾವುದಾದರೂ ಸಂಸ್ಥೆಯ ಹೆಸರಿದ್ದರೆ, ಅದರ ಪ್ರತಿಯನ್ನು ಆ ಸಂಸ್ಥೆಗೇ ಕಳಿಸಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಬೇಕು. ಕುರಿ ಕಾಯಲು ತೋಳನನ್ನೇ ಕರೆದಂತೆ ಎಂದು ನಾನೇ ಎಷ್ಟೋ ಸಲ ಕ್ಯಾಂಟೀನಿನಲ್ಲಿ ತಮಾಷೆ ಮಾಡಿದ್ದೇನೆ. ಗುರುವಾರ ಅಂಥ ನಲವತ್ತೊಂದು ಪತ್ರಗಳು ಹೋಗಬೇಕಿದ್ದವು. ಮಂಡಿ ನೋಯುತ್ತಿತ್ತು, ಏರ್ ಕಂಡೀಷನರ್ ಕೆಟ್ಟಿತ್ತು, ಮಾಮೂಲಿ ನಮೂನೆ ಕಂಪ್ಯೂಟರಿನಲ್ಲೇ ಇತ್ತು. ವಿಳಾಸ ಬದಲಿಸುವುದು, ಲಗತ್ತು ಸೇರಿಸುವುದು, ಕಳಿಸುವುದು. ಹೆಸರು ಹೊರಗೆ ಬಿಡಬೇಡಿ ಎಂಬ ವಾಕ್ಯವನ್ನೂ ಚೊಕ್ಕವಾಗಿ ಅನುವಾದಿಸಿ, ಕೆಳಗೆ ಹೆಸರು, ಫೋನ್ ನಂಬರಿನ ಸಮೇತ, ಆಕೆ ಯಾರಿಗೆ ಹೆದರಿದ್ದರೋ ಅವರಿಗೇ ಕಳಿಸಿಬಿಟ್ಟೆ.

ಗೊತ್ತಾದದ್ದು ಶುಕ್ರವಾರ ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ. ಮಗಳು ಹರ್ಷಿಣಿಗೆ ಹೆಮ್ಮೆಯಿಂದ ಅನುವಾದ ತೋರಿಸಿದೆ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು.

"ವಾವ್ ಅಮ್ಮಾ, ಕ್ಯಾ ಲೈನ್ ಹೈ ಯಾರ್!" ಎಂದಳು. "ಇದು ಯಾರಿಗೆಲ್ಲ ಹೋಯ್ತು?"

"ನಮ್ಮ ಸಾಹೇಬರಿಗೆ. ಮತ್ತೆ ಆ ಕಂಪನಿಗೆ, ಕಾಮೆಂಟ್ಸ್ ಕೇಳೋದಕ್ಕೆ."

"ಅಚ್ಛಾ. ಲೇಕಿನ್ ನಾಮ್ ತೋ ಹಟಾಯಾ ನಾ? ಹೆಸರು ತೆಗೆದು ಕಳಿಸಿದೆ ತಾನೆ?"

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮಮ್ಮ ನನಗೆ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಕಚೇರಿಗೆ ಓಡಿ ನೋಡಿದರೆ ಮೇಲ್ ಹಿಂದಿನ ದಿನ ನಾಲ್ಕು ಹತ್ತಕ್ಕೇ ಹೋಗಿತ್ತು. ಅದನ್ನು ವಾಪಸ್ ಕರೆಯುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ವಿಜಯಮ್ಮನ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಗಾರ್ಮೆಂಟ್ಸ್‌ನಲ್ಲಿ ಫೋನುಗಳನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಬೆಳಗಿನಿಂದ ಹದಿನೇಳು ಸಲ ಮಾಡಿದೆ. ಸಂಜೆ ಐದೂವರೆಗೆ ಆಕೆಯೇ ತಿರುಗಿ ಮಾಡಿದರು.

"ಹಲೋ, ಕೌನ್?"

"ಮಂತ್ರಾಲಯದಿಂದ ಮಾತಾಡ್ತಿದೀನಿ. ನೀವು ಕಳಿಸಿದ ಕಾಗದದ ವಿಷಯ."

"ಅಯ್ಯೋ, ಕನ್ನಡದವರಾ!" ಆ ಸಂತೋಷ ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. "ನನ್ನನ್ನ ಮಧ್ಯಾಹ್ನವೇ ಮನೆಗೆ ಕಳಿಸಿಬಿಟ್ರು ಮೇಡಂ, ಫೋನು ಈಗಷ್ಟೇ ಆನ್ ಮಾಡಿದೆ. ನಾಳೆಯಿಂದ ಬರಬೇಡ ಅಂದ್ರು."

ಶನಿವಾರ ಓಖ್ಲಾ ಮೆಟ್ರೋ ನಿಲ್ದಾಣದ ಕೆಳಗಿನ ಚಹಾದ ಅಂಗಡಿಯಲ್ಲಿ ಭೇಟಿಯಾದೆವು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಸಣ್ಣ ದೇಹ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಣ್ಣ ಕೆಳಗೆ ಹೆಡ್‌ಸೆಟ್ಟಿನ ಅಂಚು ಒತ್ತಿ ಒತ್ತಿ ಕಪ್ಪಾದ ಗೆರೆ. ನಾನು ಬಾಯಿ ತೆರೆಯುವ ಮೊದಲೇ, "ಭಯ್ಯಾ, ದೋ ಚಾಯ್" ಎಂದು ಹೇಳಿ, ಬೆಂಚನ್ನು ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿದರು.

"ಎಚ್.ಆರ್. ಹುಡುಗಿ ಇಂಗ್ಲಿಷಲ್ಲಿ ಓದಿ, ಹಿಂದಿಯಲ್ಲಿ ಹೇಳಿದ್ಲು. ಮ್ಯಾನೇಜರ್ ಇದ್ರು, ಸೂಪರ್‌ವೈಸರ್ ಇದ್ರು. ನಾನು ಏನು ಬರೆದಿದ್ನೋ ಹಾಗೇ ಇತ್ತು ಅಕ್ಕಾ. ಒಂದು ಮಾತು ಆಚೀಚೆ ಇಲ್ಲ. ಆ ಕಣ್ಣಿನ ಮಾತು ಓದುವಾಗ ಮ್ಯಾನೇಜರ್ ಮುಖ ನೋಡಬೇಕಿತ್ತು." ಒಂದು ಕ್ಷಣ ಆಕೆಗೆ ನಗು ಬಂತು, ಹೋಯಿತು. "ಅಷ್ಟು ಚೆನ್ನಾಗಿ ಯಾರು ಮಾಡಿದ್ದು? ಕನ್ನಡ ಬಲ್ಲವರೇ ಇರಬೇಕು."

"ನಾನೇ" ಎಂದೆ. "ಅನುವಾದ ಮಾಡಿದ್ದೂ ನಾನೇ, ಅವರಿಗೆ ಕಳಿಸಿದ್ದೂ ನಾನೇ. ಹೆಸರು ತೆಗೆಯೋದನ್ನ ಮರೆತೆ. ಮರೆತೆ ಅಂದರೆ, ಯೋಚನೆ ಮಾಡಲೇ ಇಲ್ಲ."

ಆಕೆ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಗುಳಕ್ಕೆ ನಾನು ಮೆಟ್ರೋದಲ್ಲೇ ಸಿದ್ಧಳಾಗಿ ಬಂದಿದ್ದೆ.

"ಬೇರೆ ಭಾಷೆಯವರು ಮಾಡಿದ್ರೆ ಬೈಬಹುದಿತ್ತು" ಎಂದರು ಕೊನೆಗೆ. "ನಮ್ಮ ಭಾಷೆಯವರು ಓದ್ತಾರೆ ಅಂತ ನಾನು ಎಣಿಸಿರಲೇ ಇಲ್ಲ ನೋಡಿ. ಯಾವುದೋ ಮೂಲೆಗೆ ಬೀಳುತ್ತೆ, ಆದ್ರೆ ಬರೆದೆ ಅನ್ನೋ ಸಮಾಧಾನ ಇರುತ್ತೆ ಅಂದ್ಕೊಂಡಿದ್ದೆ."

ನಾನು ಗಡಿಬಿಡಿಯಿಂದ ಏನೇನೋ ಹೇಳಿದೆ. ಸಾಹೇಬರಿಗೆ ಹೇಳಿ ನೋಟಿಸ್ ಕೊಡಿಸುತ್ತೇನೆ, ಕಾರ್ಮಿಕ ಇಲಾಖೆಗೆ ಬರೆಸುತ್ತೇನೆ, ಪತ್ರಿಕೆಯವರು ಗೊತ್ತಿದ್ದಾರೆ. ಆಕೆ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಅದೆಲ್ಲ ಬೇಡ. ಐವತ್ತು ದಾಟಿದೋಳನ್ನ ಇನ್ಯಾರು ತಗೋತಾರೆ? ಓಖ್ಲಾದಲ್ಲಿ ಒಬ್ಬ ಮ್ಯಾನೇಜರ್ ಬಿಟ್ಟ ಅಂದ್ರೆ ಹತ್ತು ಮ್ಯಾನೇಜರ್‌ಗೆ ಫೋನ್ ಹೋಗುತ್ತೆ. ನಮ್ಮ ಮ್ಯಾನೇಜರೇ ಒಂದು ದಾರಿ ಹೇಳಿದಾರೆ. ಬರೆದಿದ್ದು ತಪ್ಪು, ಕಾಗದ ವಾಪಸ್ ತಗೋತೀನಿ ಅಂತ ನಿಮ್ಮ ಮಂತ್ರಾಲಯಕ್ಕೆ ಇಂಗ್ಲಿಷಲ್ಲಿ ಬರೆದುಕೊಟ್ರೆ ಸೋಮವಾರ ಮತ್ತೆ ಕೆಲಸಕ್ಕೆ ಒಳಗೆ ಬಿಡ್ತಾರಂತೆ." ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. "ನೀವೇ ಬರೆದುಕೊಡಿ ಅಕ್ಕಾ."

"ವಿಜಯಮ್ಮಾ, ಮುನ್ನೂರು ಜನ ಬರೆದಿದ್ದಾರೆ. ಆ ಕನ್ನಡಕ ಹಾಕಿಕೊಂಡು ಕೆಲಸ ಮಾಡೋರು ನೀವೊಬ್ಬರೇ. ನಿಮ್ಮ ಕಾಗದ ಇದ್ದರೆ ನೀತಿಯಲ್ಲಿ ಒಂದು ಸಾಲಾದರೂ ಸೇರುತ್ತೆ."

"ಈ ನೀತಿ ಯಾವಾಗ ಬರುತ್ತೆ?"

"ಎರಡು ವರ್ಷ ಆಗಬಹುದು."

"ಸೋಮವಾರ ಯಾವಾಗ ಬರುತ್ತೆ?"

ನಾನು ಪೆನ್ನು ತೆಗೆದೆ.

ತಪ್ಪು ತಿಳುವಳಿಕೆಯಿಂದ ಬರೆದದ್ದು ಎಂದು ಬರೆದೆ. ಸಂಸ್ಥೆಯಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಬರೆದೆ. ಸಾಕೇ ಎಂದು ಕೇಳಿದರೆ ಆಕೆ ಸಾಲದು ಎಂದು ತಲೆಯಾಡಿಸಿದರು. "ಕಣ್ಣಿನ ಮಾತು ತಪ್ಪು ಅಂತ ಬೇರೆಯಾಗಿ ಬರೀಬೇಕಂತೆ. ಅದೇ ಅವರಿಗೆ ಚುಚ್ಚಿದ್ದು." ಅದನ್ನೂ ಬರೆದೆ. ನನ್ನ ದರಿದ್ರ ಕೈಗೆ ಅದೂ ಸಲೀಸಾಗಿಯೇ ಬಂತು, ಒಂದೇ ಏಟಿಗೆ, ತಿದ್ದುಪಡಿಯಿಲ್ಲದೆ. ಆಕೆ ಸಹಿ ಹಾಕಿ ಹಾಳೆ ಮಡಚಿದರು. ಚಹಾದ ದುಡ್ಡು ನಾನು ಕೊಡಲು ಹೋದರೆ ಬಿಡಲಿಲ್ಲ. ಮೆಟ್ಟಿಲವರೆಗೆ ಬಂದು, ನಾನು ಕುಂಟುವುದನ್ನು ನೋಡಿ, ಮಂಡಿ ನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ಎಂದು ಹೇಳಿ ಹೋದರು. ನಾನು ಆ ಮೆಟ್ಟಿಲ ಮೇಲೇ ನಿಂತು ಅತ್ತೆ. ದೆಹಲಿಯಲ್ಲಿ ಅಳುವವರನ್ನು ಯಾರೂ ನಿಂತು ನೋಡುವುದಿಲ್ಲ.

ಸೋಮವಾರ ಆಕೆ ಕೆಲಸಕ್ಕೆ ಹೋದರು. ಕಾಗದ ನಮ್ಮ ಕಚೇರಿಗೆ ಬಂತು. ಪಟ್ಟಿಯಿಂದ ಒಂದು ಸಾಲು ತೆಗೆದು, ಮುನ್ನೂರ ಹನ್ನೊಂದು ಎಂದು ತಿದ್ದಿದೆ.

ಮುಂದಿನ ವಾರ ದೊಡ್ಡ ಸಭೆ ನಡೆಯಿತು. ಉದ್ದನೆಯ ಮೇಜಿನ ಒಂದು ಬದಿಗೆ ಕಂಪನಿಗಳ ಒಕ್ಕೂಟದವರು, ಇನ್ನೊಂದು ಬದಿಗೆ ಹೌಜ್ ಖಾಸ್‌ನ ಪ್ರೊಫೆಸರು ಮತ್ತು ಹಕ್ಕುಗಳ ಪರ ಮಾತಾಡುವವರು, ತುದಿಯಲ್ಲಿ ನಡಾವಳಿ ಬರೆಯಲು ನಾನು. ನೋಟ ಎಂದರೆ ಮಾಹಿತಿಯೋ ದೇಹವೋ ಎಂದು ಎರಡು ಗಂಟೆ ವಾದ ಮಾಡಿದರು. ನನಗೆ ಆಕಳಿಕೆ ತಡೆಯಲಾಗಲಿಲ್ಲ. ಇಷ್ಟು ಬುದ್ಧಿವಂತರು ಇಷ್ಟು ಹೊತ್ತು ಕೂತು ಹೇಳಲಾಗದ್ದನ್ನು ಆಕೆ ನೋಟ್‌ಬುಕ್ಕಿನ ಅರ್ಧ ಗೆರೆಯಲ್ಲಿ ಹೇಳಿದ್ದರು.

"ಕೆಲಸದ ಜಾಗಗಳಿಗೆ ಬೇರೆ ನಿಯಮ ಬೇಕಾ?" ಎಂದು ಸಾಹೇಬರು ಕೇಳಿದರು. "ಇಂದಿರಾಜೀ, ಕೆಲಸಗಾರರಿಂದ ಏನಾದರೂ ಬಂದಿದೆಯಾ?"

"ಒಂದು ಬಂದಿತ್ತು ಸರ್. ವಾಪಸ್ ತಗೊಂಡಿದ್ದಾರೆ."

ಪ್ರೊಫೆಸರು ತಟ್ಟನೆ ನನ್ನತ್ತ ತಿರುಗಿದರು. ಮೂವತ್ತು ವರ್ಷದ ಹುಡುಗಿ, ಕಣ್ಣು ಚುರುಕು. "ಯಾಕೆ ವಾಪಸ್ ತಗೊಂಡರು? ಒತ್ತಡ ಇತ್ತಾ? ಹಾಗಿದ್ದರೆ ಅದು ಇಲ್ಲಿ ದಾಖಲಾಗಬೇಕು. ದಯವಿಟ್ಟು ಹೇಳಿ ಮ್ಯಾಮ್, ಯಾರದು ಅದು?"

ಮೇಜು ಪೂರ್ತಿ ನನ್ನನ್ನು ನೋಡುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತಿಗಾಗಿ ಒಂದು ಸಭೆ ಕಾದದ್ದು ಅದೇ ಮೊದಲು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕಂಪನಿಗಳ ಸಾಲಿನಲ್ಲಿ ಓಖ್ಲಾ ಘಟಕಗಳ ಪರವಾಗಿ ಬಂದಿದ್ದ ಮನುಷ್ಯ ಪೆನ್ನಿನ ಮುಚ್ಚಳ ತೆಗೆದು, ಡೈರಿಯಲ್ಲಿ ಹೊಸ ಪುಟ ಬಿಡಿಸಿಕೊಂಡು, ಎಲ್ಲರಿಗಿಂತ ಹೆಚ್ಚು ಆಸಕ್ತಿಯಿಂದ ಕಾಯುತ್ತಿದ್ದ.

"ಗೊತ್ತಿಲ್ಲ" ಎಂದೆ.

ಪ್ರೊಫೆಸರು ನನ್ನನ್ನು ತಿರಸ್ಕಾರದಿಂದ ನೋಡಿ ಮುಖ ತಿರುಗಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ನೋಡುತ್ತಿದ್ದೆ. "ವಾಪಸ್ ತಗೊಂಡರು ಅಂದರೆ ಬಂದೇ ಇಲ್ಲ ಅಂತ ಲೆಕ್ಕ. ಬರೆದುಕೊಳ್ಳಿ, ಚಲೋ, ಮುಂದಿನ ವಿಷಯ" ಎಂದರು ಸಾಹೇಬರು. ಓಖ್ಲಾದ ಮನುಷ್ಯ ಡೈರಿ ಮುಚ್ಚಿದ. ಕೆಲಸಗಾರರಿಂದ ಯಾವುದೇ ಆಕ್ಷೇಪಣೆ ಬಂದಿಲ್ಲ ಎಂದು ನಾನು ಬರೆದುಕೊಂಡೆ. ವಿಜಯಮ್ಮ ಕೇಳಿಕೊಂಡಿದ್ದ ಹಾಗೆ ಅವರ ಹೆಸರು ಹೊರಗೆ ಬಿಡದೆ ಇದ್ದದ್ದು ಅವತ್ತೊಂದೇ ದಿನ.