ಹತ್ತು ಹದಿನೇಳಕ್ಕೆ ನಿಂತ ಕಾರ್ಡು

ಅವನ ಬಳಿ ಚಾರ್ಜು ನಿಲ್ಲುವ ಫೋನು ಇರಲಿಲ್ಲ.

ಇದ್ದದ್ದು ಹಳೆಯದು. ಬೆಳಿಗ್ಗೆ ಪೂರ್ತಿ ತುಂಬಿಸಿದರೆ ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತಿತ್ತು; ಎರಡು ಕರೆ ಬಂದರೆ ಪ್ರಾಣ ಬಿಡುತ್ತಿತ್ತು. ಅಂಗಡಿಯಲ್ಲಿ ಅದರಿಂದ ತೊಂದರೆಯೇನೂ ಇರಲಿಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ವೈರಿನ ತುದಿಯಲ್ಲಿ ದಿನವಿಡೀ ಬಿದ್ದಿರುತ್ತಿತ್ತು.

ಅಂಗಡಿ ಎಂಟು ಅಡಿ ಅಗಲ. ಒಂದು ಜೆರಾಕ್ಸ್ ಯಂತ್ರ, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಯಂತ್ರ. ಸರ್ಕಾರಿ ಕಚೇರಿಯ ಎದುರಿಗಿದ್ದುದರಿಂದ ಗಿರಾಕಿಗಳಿಗೆ ಬರವಿಲ್ಲ. ಜನನ ಪತ್ರ, ಮರಣ ಪತ್ರ, ಅಂಕಪಟ್ಟಿ ಎಲ್ಲವೂ ಅವನ ಕೈಯಲ್ಲಿ ಬಿಸಿ ರೋಲರಿನೊಳಗೆ ಹೋಗಿ ಗಟ್ಟಿಯಾಗಿ, ಹೊಳೆಯುತ್ತಾ ಹೊರಬರುತ್ತಿದ್ದವು. ಮೂಲೆಗಳನ್ನು ಅವನು ಕಟರಿನಿಂದ ದುಂಡಗೆ ಕತ್ತರಿಸುತ್ತಿದ್ದ. ಅದಕ್ಕೆ ಬೇರೆ ದುಡ್ಡು ಕೇಳುತ್ತಿರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಹೋದದ್ದು ಹಾಳಾಗುವುದಿಲ್ಲ ಎನ್ನುವುದು ಹತ್ತೊಂಬತ್ತು ವರ್ಷದ ಕಸುಬಿನಿಂದ ಅವನಿಗೆ ಬಂದ ನಂಬಿಕೆ. ತನ್ನ ವಿಚ್ಛೇದನದ ಆದೇಶವನ್ನೂ ಅವನು ಬಿಟ್ಟಿರಲಿಲ್ಲ. ಏಳು ಹಾಳೆ, ಹದಿನಾಲ್ಕು ಮುಖ. ಬೀದಿಯವರು ಅವನನ್ನು ಪ್ಲಾಸ್ಟಿಕ್ಕಣ್ಣ ಎನ್ನುತ್ತಿದ್ದರು.

ಆ ಆದೇಶದ ಐದನೆಯ ಪುಟದ ಪ್ರಕಾರ, ಹದಿನೈದು ದಿನಕ್ಕೊಂದು ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವನು ಮಗಳನ್ನು ನೋಡಬಹುದು. ನಗರದ ಮಕ್ಕಳ ಕಚೇರಿಯ ಒಂದು ಕೋಣೆಯಲ್ಲಿ, ಅಲ್ಲಿನ ಮೇಡಂ ಎದುರಿಗೆ. ತಡವಾಗಿ ಬಂದರೆ ತಡವಾದಷ್ಟೂ ಅವನಿಗೇ ನಷ್ಟ. ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಮಗಳಿಗೆ ಒಂಬತ್ತು ವರ್ಷ. ನಗರಕ್ಕೆ ರೈಲಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಟಿಕೆಟಿನ ದರ ಏರಿದ ಮೇಲೆ ತಿಂಗಳ ಎರಡು ಶನಿವಾರಗಳಲ್ಲಿ ಒಂದನ್ನು ಅವನು ಬಿಟ್ಟುಬಿಡಬೇಕಾಗಿತ್ತು. ಬಿಟ್ಟ ಶನಿವಾರ ಎರಡು ಗಂಟೆಯಾದರೆ ಸಾಕು, ಅಂಗಡಿಯಲ್ಲಿ ಯಾರು ಏನು ಕೇಳಿದರೂ ಸಿಡುಕುತ್ತಿದ್ದ.

ಆಫರ್ ಕಂಡುಹಿಡಿದವಳು ಅಕ್ಕ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಸಂಜೆ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದು ತಮ್ಮನ ಫೋನು ಕಿತ್ತುಕೊಂಡಳು.

"ರೈಲಿನೋರು ಹೊಸದಾಗಿ ಕಾರ್ಡ್ ಬಿಟ್ಟಿದಾರೆ. ಆ್ಯಪ್‌ನಲ್ಲಿ ತಗೊಂಡ್ರೆ ಶುಕ್ರವಾರದ ತನಕ ಅರ್ಧ ಬೆಲೆ. ಆಮೇಲೆ ವರ್ಷಪೂರ್ತಿ ಪ್ರತಿ ಟಿಕೆಟ್‌ಗೂ ಮೂರರಲ್ಲೊಂದು ಭಾಗ ಕಡಿಮೆ."

"ಮೋಸ ಇರುತ್ತೆ, ಅಕ್ಕ."

"ಮೋಸ ಹೋಗೋಕೆ ನಿನ್ನ ಹತ್ರ ಏನಿದೆಯೋ? ಮುಖ ಎತ್ತು, ಫೋಟೊ ತೆಗೀಬೇಕು. ನಗಬೇಡ, ಹಲ್ಲು ಕಾಣುತ್ತೆ."

ಆ್ಯಪ್ ನಂಬರ್ ಕೇಳಿದಾಗ ಅವಳು ತನ್ನದನ್ನೇ ಕೊಟ್ಟಳು, ತಮ್ಮನ ಫೋನು ಯಾವಾಗ ಸಾಯುತ್ತದೆಂದು ಹೇಳಲಾಗದು ಎಂಬ ಜಾಣತನದಿಂದ. ಹತ್ತು ನಿಮಿಷದಲ್ಲಿ ಕಾರ್ಡು ಬಂತು. ಅವನ ಮುಖ, ಒಂದು ಸಂಖ್ಯೆ, ಸೆಕೆಂಡುಗಳನ್ನು ಎಣಿಸುವ ಗಡಿಯಾರ. ಮುಖದ ಮೇಲೆ ಅತ್ತಿಂದಿತ್ತ ಓಡಾಡುವ ಒಂದು ಹಸಿರು ಪಟ್ಟಿ.

"ಎರಡೂ ಶನಿವಾರ ಹೋಗಬಹುದಲ್ಲ?" ಅಂದ.

"ಅದಕ್ಕೇ ಅಲ್ವೇನೋ ಮಾಡಿಸಿದ್ದು," ಅಂದಳು ಅಕ್ಕ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ. ಫೋನು ದಾರಿಯಲ್ಲಿ ಕೈಕೊಡುತ್ತದೆ. ಆದ್ದರಿಂದ ಕಾರ್ಡಿನ ಚಿತ್ರ ಹಿಡಿದು, ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ. ಓಡುತ್ತಿದ್ದ ಹಸಿರು ಪಟ್ಟಿ ಅವನ ಮೂಗಿನ ಮೇಲೆ ನಿಂತಿತ್ತು. ಗಡಿಯಾರ ಹತ್ತು ಹದಿನೇಳಕ್ಕೆ ನಿಂತಿತ್ತು. ರೈಲಿನವರು ಕೊಟ್ಟಿದ್ದರೂ ಇಷ್ಟು ಚೆನ್ನಾಗಿ ಕೊಡುತ್ತಿರಲಿಲ್ಲ ಅನ್ನಿಸಿತು.

ಶನಿವಾರ ಸ್ಟೇಷನ್ನಿನ ಕೌಂಟರಿನಲ್ಲಿ ಅದನ್ನು ಗಾಜಿಗೆ ಒತ್ತಿ ಹಿಡಿದ. ಹಿಂದೆ ಸಾಲು ಬೆಳೆದಿತ್ತು. ಗುಮಾಸ್ತ ಅರೆಗಣ್ಣಿನಲ್ಲಿ ನೋಡಿ ರಿಯಾಯಿತಿ ಟಿಕೆಟ್ ಒತ್ತಿಬಿಟ್ಟ. ಹೋಗಲಿಕ್ಕೊಂದು, ಬರಲಿಕ್ಕೊಂದು. ಅವನು ಹನ್ನೆರಡೂ ಹತ್ತರ ರೈಲು ಹತ್ತಿ ಕಿಟಕಿ ಪಕ್ಕ ಕೂತ. ಒಂದೂವರೆಗೆ ನಗರ, ಅಲ್ಲಿಂದ ಕಾಲ್ನಡಿಗೆ ಇಪ್ಪತ್ತೈದು ನಿಮಿಷ. ಐದು ನಿಮಿಷ ಮುಂಚೆಯೇ ಬಾಗಿಲಲ್ಲಿರುತ್ತೇನೆ ಎಂದು ಎಣಿಸಿಕೊಂಡ.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಟಿಕೆಟ್ ತಪಾಸಣೆಯವಳು ಬಂದಳು. ನಡುವಯಸ್ಸು, ಕುತ್ತಿಗೆಗೆ ಯಂತ್ರ. ಟಿಕೆಟ್ ನೋಡಿದಳು, ಕಾರ್ಡು ಇಸಿದುಕೊಂಡಳು, ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ ಸರ್ ಇದು?"

"ಕಾರ್ಡ್ ಮೇಡಂ. ಡಿಜಿಟಲ್ ಕಾರ್ಡು."

"ಡಿಜಿಟಲ್ಲಾ! ಟೈಮ್ ಹತ್ತೂ ಹದಿನೇಳು ಅಂತಿದೆ. ಯಾವತ್ತಿನ ಹತ್ತೂ ಹದಿನೇಳು?"

ಎದುರಿನ ಸೀಟಿನವನು ಕಿಸಕ್ಕನೆ ನಕ್ಕ. ಪ್ಲಾಸ್ಟಿಕ್ಕಣ್ಣನ ಕಿವಿ ಬಿಸಿಯಾಯಿತು.

"ಒರಿಜಿನಲ್ಲೇ ಮೇಡಂ. ಹಾಳಾಗಬಾರದು ಅಂತ ನಾನೇ ಲ್ಯಾಮಿನೇಟ್ ಮಾಡ್ಕೊಂಡೆ. ಅದೇ ನನ್ನ ಕೆಲಸ."

"ಕೆಲಸ ಚೆನ್ನಾಗಿ ಮಾಡಿದೀರಿ. ಆದ್ರೆ ಆ ಪಟ್ಟಿ ಓಡ್ತಾ ಇರಬೇಕು ಸರ್. ಓಡ್ತಿದ್ರೇನೇ ಕಾರ್ಡು. ನಿಂತ್ರೆ ಬರೀ ನಿಮ್ಮ ಫೋಟೊ. ಫೋನಲ್ಲಿ ತೋರಿಸಿ."

ಫೋನು ತೆಗೆದ. ಆರು ಪರ್ಸೆಂಟ್ ಇತ್ತು. ಆ್ಯಪ್ ಒತ್ತಿದ, ಬಿಳಿ ಪರದೆಯ ಮೇಲೆ ಒಂದು ಚಕ್ರ ಮೂರು ಸುತ್ತು ಸುತ್ತಿತು. ಮೂವರೂ ಬಗ್ಗಿ ನೋಡುತ್ತಿದ್ದರು. ಪರದೆ ಕಪ್ಪಾಯಿತು.

"ಹೋಯ್ತಲ್ಲ," ಅಂದ ಎದುರಿನವನು. ಈ ಸಲ ಅವನು ನಗಲಿಲ್ಲ.

ತಪಾಸಣೆಯವಳು ಅಲ್ಲೇ ನಿಂತಳು. ಬೈಯಲಿಲ್ಲ. "ನೋಡಿ, ನನಗೂ ಮೇಲಿನೋರು ಇದಾರೆ. ದಂಡ ಕಟ್ಟಿದ್ರೆ ಹೀಗೇ ಕೂತ್ಕೊಂಡು ಹೋಗಬಹುದು. ಇಲ್ಲ ಅಂದ್ರೆ ಮುಂದಿನ ಸ್ಟೇಷನ್‌ನಲ್ಲಿ ಇಳೀರಿ. ಕೌಂಟರ್ ಹತ್ರ ಚಾರ್ಜ್ ಹಾಕ್ಕೊಂಡು ಕಾರ್ಡ್ ತೋರಿಸಿ, ಟಿಕೆಟ್ ಮೇಲೆ ಸೀಲ್ ಹಾಕ್ತಾರೆ. ನಲವತ್ತೈದು ನಿಮಿಷಕ್ಕೆ ಇನ್ನೊಂದು ರೈಲು ಇದೆ. ಅದರಲ್ಲಿ ಬನ್ನಿ."

ದಂಡದ ದುಡ್ಡು ಜೇಬಿನಲ್ಲಿತ್ತು. ಆದರೆ ಅದು ಮುಂದಿನ ಭೇಟಿಯ ಟಿಕೆಟಿನ ದುಡ್ಡು. ಅವನು ಲೆಕ್ಕ ಹಾಕಿದ: ದಂಡ ಕಟ್ಟಿದರೆ ಇವತ್ತಿನ ಎರಡು ಗಂಟೆ ಉಳಿಯುತ್ತದೆ, ಮುಂದಿನ ಎರಡು ಗಂಟೆ ಹೋಗುತ್ತದೆ. ಇಳಿದರೆ ಇವತ್ತು ಮುಕ್ಕಾಲು ಗಂಟೆ ಹೋಗುತ್ತದೆ, ಅಷ್ಟೇ. ಯಾರು ಲೆಕ್ಕ ಹಾಕಿದರೂ ಇಳಿಯುವುದೇ ಸರಿ. ಇಳಿದ.

ಕೌಂಟರಿನ ಮುದುಕ ಒಳ್ಳೆಯವನು. ತನ್ನ ಫ್ಯಾನಿನ ಪ್ಲಗ್ ಕಿತ್ತು ಫೋನಿಗೆ ಜಾಗ ಮಾಡಿಕೊಟ್ಟು, ಬೆವರು ಒರೆಸಿಕೊಳ್ಳುತ್ತಾ ಕೂತ. ಫೋನು ಜೀವ ಹಿಡಿಯಲು ಹದಿನೈದು ನಿಮಿಷ ತೆಗೆದುಕೊಂಡಿತು. ಆ್ಯಪ್ ತೆರೆಯಿತು, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಅಂದಿತು. ಹಾಕಿಕೊಂಡ. ಅದಕ್ಕೆ ಎಂಟು ನಿಮಿಷ. ಆಮೇಲೆ ಅದು, ನೀವು ಯಾರು, ನಂಬರಿಗೆ ಕೋಡ್ ಕಳಿಸಿದ್ದೇವೆ, ಒತ್ತಿ ಅಂದಿತು. ನಂಬರು ಅಕ್ಕನದು. ಅಕ್ಕನ ಫೋನು ಲಾಂಡ್ರಿಯ ಲಾಕರಿನಲ್ಲಿ. ಎರಡು ಗಂಟೆಗೆ ಬಿಡುವು ಸಿಗುವವರೆಗೆ ಅದು ಹೊರಗೆ ಬರುವುದಿಲ್ಲ.

ಲಾಂಡ್ರಿಯ ಆಫೀಸಿಗೆ ಫೋನು ಮಾಡಿದ. ಯಾರೋ ಎತ್ತಿ, "ಯಂತ್ರದ ಹತ್ರ ಇದಾರೆ, ಹೇಳ್ತೀನಿ," ಎಂದು ಇಟ್ಟರು. ಒಂದೂ ನಲವತ್ಮೂರರ ರೈಲು ಬಂದು ನಿಂತು ಹೋಯಿತು. ಬೋಗಿಯ ಬಾಗಿಲ ತನಕ ಹೋಗಿ ನಿಂತಿದ್ದ. ಫೋನು ವೈರಿನ ತುದಿಯಲ್ಲಿತ್ತು, ಟಿಕೆಟಿಗೆ ಸೀಲು ಬಿದ್ದಿರಲಿಲ್ಲ. ಹಾಗೇ ಹತ್ತಿಬಿಡುವ ಧೈರ್ಯ ಅವನಿಗಿರಲಿಲ್ಲ. ಸಹಿ ಸೀಲುಗಳ ನಡುವೆಯೇ ಬಾಳಿದವನು.

ಎರಡು ಗಂಟೆ ಐದು ನಿಮಿಷಕ್ಕೆ ಅಕ್ಕನ ಕರೆ ಬಂತು.

"ಎಲ್ಲಿದೀಯೋ? ಮಗು ಹತ್ರ ಇರಬೇಕಾಗಿತ್ತಲ್ಲ ನೀನು!"

"ಮಧ್ಯದಲ್ಲಿ ಇಳಿಸಿದ್ರು ಅಕ್ಕ. ಕೋಡ್ ಬಂದಿದೆಯಾ ನೋಡು."

"ಯಾಕೆ ಇಳಿಸಿದ್ರು?"

ಹೇಳಿದ. 

"ಅಯ್ಯೋ ನನ್ನ ಪ್ಲಾಸ್ಟಿಕ್ಕೇ," ಅಂದಳು. "ಅದಕ್ಕೂ ಅಂಗಿ ತೊಡಿಸಿದ್ಯಾ? ಹೋಗಲಿ, ನಂದೂ ತಪ್ಪು. ನನ್ನ ನಂಬರ್ ಕೊಟ್ಟೆ ನೋಡು, ದೊಡ್ಡ ಬುದ್ಧಿವಂತೆ. ಬರ್ಕೋ." ಆರು ಅಂಕಿ ಹೇಳಿದಳು. ಅದು ಹಳೆಯದಾಗಿತ್ತು. ಹೊಸದು ತರಿಸಿ ಮತ್ತೆ ಆರು ಅಂಕಿ ಹೇಳಿದಳು.

ಹಸಿರು ಪಟ್ಟಿ ಅವನ ಮುಖದ ಮೇಲೆ ಓಡಾಡತೊಡಗಿತು. ಮುದುಕ ಅದನ್ನು ನೋಡಿ ಸೀಲು ಒತ್ತಿದ. "ಮಗಳಿಗೆ ಎಷ್ಟು ವರ್ಷ?" ಎಂದು ಕೇಳಿ, ಫ್ಯಾನಿನ ಪ್ಲಗ್ ವಾಪಸ್ ಚುಚ್ಚಿದ.

ಎರಡೂ ಇಪ್ಪತ್ತೆಂಟರ ರೈಲು ಮೂರಕ್ಕೆ ನಗರ ಮುಟ್ಟಿತು. ಇಪ್ಪತ್ತೈದು ನಿಮಿಷದ ದಾರಿಯನ್ನು ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಕೋಣೆಯ ಬಾಗಿಲು ತಳ್ಳಿದಾಗ ಮೂರೂ ಇಪ್ಪತ್ತು. ಮೇಡಂ ರಿಜಿಸ್ಟರಿನಲ್ಲಿ ಸಮಯ ಬರೆದುಕೊಂಡರು. ಮಗಳು ನೀಲಿ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ಅಪ್ಪ, ನೀನು ಬರಲ್ಲ ಅಂತ ಮೇಡಂ ಎರಡು ಸಲ ಹೇಳಿದ್ರು. ನಾನು ಇಲ್ಲ, ಬರ್ತಾನೆ ಅಂದೆ."

"ಬಂದೆನಲ್ಲ."

"ಯಾಕೆ ಇಷ್ಟು ಬೆವರಿದೀಯ? ನೀನೂ ಒಂದು ಸಲ ನಿನ್ನ ಲ್ಯಾಮಿನೇಷನ್ ಯಂತ್ರದೊಳಗೆ ಹೋಗಿ ಬಂದ್ಯಾ?"

ಅವನು ನಗಲು ಹೋದ, ಉಸಿರು ಸಾಲಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಸಿದ. ಅವಳಿಗೊಂದು ಪದ್ಧತಿ ಇತ್ತು: ಹಿಂದಿನ ಭೇಟಿಯ ಮರುದಿನದಿಂದ ಹಿಡಿದು ಒಂದೊಂದೇ ದಿನದ ಸುದ್ದಿಯನ್ನು ಸಾಲಾಗಿ ಒಪ್ಪಿಸುವುದು. ನಡುವೆ ಬಾಯಿ ಹಾಕುವಂತಿಲ್ಲ.

"ಈ ಸಲ ಹದಿನಾಲ್ಕೇ ದಿನ ಅಪ್ಪ. ಯಾವಾಗ್ಲೂ ಇಪ್ಪತ್ತೆಂಟು ಇರೋದು. ಬೇಗ ಬೇಗ ಹೇಳಿದ್ರೆ ಮುಗಿಯುತ್ತೆ. ಭಾನುವಾರ ಬೆಕ್ಕು ಮರಿ ಹಾಕ್ತು, ಮೂರು, ಸೋಮವಾರ ಲೆಕ್ಕದ ಮಿಸ್ ಬರಲಿಲ್ಲ, ಮಂಗಳವಾರ..."

"ತಾಳು, ತಾಳು. ಬೆಕ್ಕು ಎಲ್ಲಿ ಮರಿ ಹಾಕ್ತು?"

"ಅದು ಹೇಳಿದ್ರೆ ಲೇಟ್ ಆಗುತ್ತೆ."

"ಆಗಲಿ. ಬೇಗ ಹೇಳಬೇಡ. ಯಾವಾಗ್ಲೂ ಹೇಳೋ ಹಾಗೆ ಹೇಳು."

ಅವಳು ಅವನ ಮುಖವನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿದಳು. ಆಮೇಲೆ ಕಾಲು ಮಡಿಸಿ ಕುರ್ಚಿಯ ಮೇಲೆ ಸರಿಯಾಗಿ ಕೂತು, ಬೆಕ್ಕು ಅಮ್ಮನ ಹಳೇ ಸ್ವೆಟರಿನ ಮೇಲೆ ಮರಿ ಹಾಕಿದ್ದು, ಅಮ್ಮ ಕಿರುಚಿದ್ದು, ಮೂರರಲ್ಲಿ ಒಂದಕ್ಕೆ ಬಾಲ ಸೊಟ್ಟಗಿದ್ದದ್ದು ಎಲ್ಲವನ್ನೂ ಹೇಳಿದಳು. ಸೋಮವಾರ ಹೇಳಿದಳು. ಮಂಗಳವಾರ, ಬುಧವಾರ. ಗುರುವಾರ ಶಾಲೆಯ ಮೆಟ್ಟಿಲಿನಲ್ಲಿ ಬಿದ್ದದ್ದನ್ನು ಹೇಳಿ ಮೊಣಕಾಲು ತೋರಿಸಿದಳು. ಗಾಯ ಒಣಗಿ ಕಪ್ಪಗಾಗಿತ್ತು. ಶುಕ್ರವಾರ ಎಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಎದ್ದು ನಿಂತರು. ಹೊರಗೆ ಅವಳ ಅಮ್ಮ ಬಂದಿದ್ದಳು.

ಹೋದದ್ದು ಎಂಬತ್ತು ನಿಮಿಷ. ಹದಿನಾಲ್ಕು ದಿನಗಳಲ್ಲಿ ಅವನಿಗೆ ಐದು ದಿನ ಸಿಕ್ಕಿದವು. ಒಂಬತ್ತು ಸಿಗಲಿಲ್ಲ.