ದೋಣಿ ಇಳಿಯದ ವಾರ

2006ರ ಜೂನ್ 11, ಭಾನುವಾರ. ಸಿದ್ಧಕಟ್ಟೆಯ ನಿಝಾರ್ ಮರುದಿನ ದುಬೈಗೆ ವಿಮಾನ ಹತ್ತಬೇಕಿತ್ತು. ಅಲ್ಲಿ ಎರಡು ವರ್ಷದಿಂದ ಪ್ರತಿ ಶುಕ್ರವಾರ ಅವನು ಕೈಟ್ ಸರ್ಫಿಂಗ್ ಮಾಡುತ್ತಿದ್ದ. ಸೊಂಟಕ್ಕೆ ಕಟ್ಟಿಕೊಂಡ ದೊಡ್ಡ ಗಾಳಿಪಟ ಎಳೆಯುತ್ತದೆ, ಕಾಲಡಿಯ ಹಲಗೆ ನೀರಿನ ಮೇಲೆ ಓಡುತ್ತದೆ. ಗಾಳಿಪಟವನ್ನು ಊರಿಗೂ ತಂದಿದ್ದ. ಮೂವತ್ತು ದಿನದ ರಜೆಯಲ್ಲಿ ಬೇಕಾದಷ್ಟು ಗಾಳಿ ಬಂದದ್ದು ಕೊನೆಯ ದಿನ.

ಹೆಂಡತಿ ಮುರ್ಶಿದಾಳ ತಮ್ಮ ಅಸ್ಕರ್ ಓಮ್ನಿ ಓಡಿಸಿದ. ಕಡಲು ಮುಟ್ಟುವಾಗ ಹತ್ತೂವರೆ. ಹೊಸ ಜಾಗದಲ್ಲಿ ಒಂದು ಗಂಟೆ ನಿಂತು ನೀರು ನೋಡಬೇಕು, ಅಲ್ಲಿಯವರನ್ನು ಕೇಳಬೇಕು, ಎಲ್ಲಿಂದ ಹೊರಬರುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂದು ನಿಝಾರ್ ದಾರಿಯುದ್ದಕ್ಕೂ ವಿವರಿಸಿದ್ದ. ಆದರೆ ನೋಡಿದ್ದು ಹತ್ತು ನಿಮಿಷ. ದೋಣಿಗಳನ್ನೆಲ್ಲ ತೆಂಗಿನ ಮರಗಳ ಬುಡದವರೆಗೆ ಎಳೆದಿಟ್ಟಿದ್ದರು. ನೀರಿನಲ್ಲಿ ಅಡ್ಡ ಬರುವವರಿಲ್ಲ, ಒಳ್ಳೆಯದಾಯಿತು ಎಂದ.

"ಕೇಳುವಾ ಭಾವ? ಅಲ್ಲಿ ಮನೆ ಉಂಟು."

"ಕೇಳಿದ್ರೆ ಇಳಿಬೇಡ ಅಂತ್ಲೇ ಹೇಳ್ತಾರೆ ಮಾರಾಯ. ಮತ್ತೆ ನೀನು ಈ ಗಾಳಿಯನ್ನು ಪಾರ್ಸೆಲ್ ಮಾಡಿ ದುಬೈಗೆ ಕಳಿಸ್ತೀಯಾ?"

ದುಬೈಯಲ್ಲಿ ಅವನು ಕಂಡದ್ದು ಮೊಣಕಾಲೆತ್ತರದ ತೆರೆ. ಇಲ್ಲಿ ಆಳೆತ್ತರ. ಎರಡು ಕಡೆ ನೊರೆಯೆದ್ದು ಒಡೆಯುತ್ತಿದ್ದ ತೆರೆಗಳ ನಡುವೆ ಇಪ್ಪತ್ತು ಅಡಿ ಅಗಲದ ನೀರು ಮಾತ್ರ ಶಾಂತವಾಗಿ ಕಾಣುತ್ತಿತ್ತು. ನಿಝಾರ್ ಅಲ್ಲೇ ಇಳಿದ.

ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಗಾಳಿಪಟ ತೆರೆಯೊಳಗೆ ಬಿತ್ತು, ಹಗ್ಗಗಳು ಸುತ್ತಿಕೊಂಡವು. ಅವನು ಕಲಿತಂತೆಯೇ ಸೊಂಟದ ಕೊಂಡಿ ಕಳಚಿ ಗಾಳಿಪಟವನ್ನು ಬಿಟ್ಟ. ಗಾಳಿ ಪಶ್ಚಿಮದ್ದು. ಗಾಳಿಪಟ ಸ್ವಲ್ಪ ಹೊತ್ತಿಗೆ ದಡಕ್ಕೆ ಬಂತು. ನಿಝಾರನ ತಲೆ ಹೊರಕ್ಕೆ ಹೊರಕ್ಕೆ ಹೋಗುತ್ತಿತ್ತು.

ಅಸ್ಕರ್ ಓಡಿಹೋಗಿ ಮೊದಲ ಮನೆಯ ಧರ್ಣಪ್ಪ ಎಂಬ ಮೀನುಗಾರನನ್ನು ಕರೆತಂದ. ದೋಣಿ ಇಳಿಸಲು ಬೇಡಿದ. ಕಡಲು ಕೆಟ್ಟು ಎರಡು ವಾರವಾಗಿತ್ತು, ಎಂಜಿನ್‌ಗಳನ್ನು ಬಿಚ್ಚಿ ಮನೆಯೊಳಗೆ ಇಟ್ಟಾಗಿತ್ತು.

"ಈ ತೆರೆಗೆ ದೋಣಿ ಮಗುಚ್ತದೆ," ಎಂದ ಧರ್ಣಪ್ಪ. "ಇಳಿಸ್ಲಿಕ್ಕೆ ಏಳು ಜನ ಬೇಕು. ಏಳು ಮನೆಗೆ ನಾನು ಏನು ಹೇಳುವುದು?"

ಆದರೂ ಅವನು ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ಅಸ್ಕರ್‌ಗೂ ಓಡಿಬಂದ ನೆರೆಯವರಿಗೂ ಕೊಟ್ಟು, ಲಾರಿಯ ಟ್ಯೂಬ್ ಹಿಡಿದು ನೀರಿಗಿಳಿದ. ತೆರೆ ಎರಡು ಸಲ ಅವನನ್ನು ಮರಳಿಗೆ ಎಸೆಯಿತು. ಮೂರನೆಯ ಸಲ ಇಳಿಯಲು ಹಗ್ಗ ಹಿಡಿದವರು ಬಿಡಲಿಲ್ಲ. ನಿಝಾರನ ತಲೆ ಕೊನೆಯ ಸಲ ಕಂಡದ್ದು 11.40ಕ್ಕೆ.

ತೆರೆ ಒಡೆಯದ ಜಾಗದಲ್ಲೇ ನೀರು ಹೊರಗೆ ಎಳೆಯುತ್ತದೆ, ಇಲ್ಲಿನ ಮಕ್ಕಳಿಗೂ ಅದು ಗೊತ್ತು ಎಂದು ಧರ್ಣಪ್ಪ ಏದುಸಿರಿನ ನಡುವೆ ಹೇಳಿದ. ಎಲ್ಲಿಗೆ ಒಯ್ಯುತ್ತದೆ ಎಂದು ಅಸ್ಕರ್ ಕೇಳಿದ.

"ತೆಂಕಕ್ಕೆ. ಕಲ್ಲು ಹಾಕಿದ ದಡ ಉಂಟಲ್ಲ, ಅಲ್ಲಿಗೆ. ಎರಡನೇ ದಿನ, ಇಲ್ಲದಿದ್ರೆ ಮೂರನೇ ದಿನ."

ಅಲ್ಲಿಗೆ ವಾಹನ ಹೋಗುತ್ತದೆಯೇ ಎಂದು ಅಸ್ಕರ್ ಕೇಳಿದ. ಹೋಗುತ್ತದೆ ಎಂದ ಧರ್ಣಪ್ಪ.

ಮುರ್ಶಿದಾಳ ಫೋನ್ ನಾಲ್ಕನೆಯ ಸಲ ಬಂತು. ಅಸ್ಕರ್ ತೆಗೆದು, ಅಕ್ಕಾ, ನಿನ್ನ ಹತ್ತಿರ ಯಾರಿದ್ದಾರೆ ಎಂದು ಮೊದಲು ಕೇಳಿದ.